ಗಂಟು ಹಾಕಿದ ಕೇಬಲ್

ತಮ್ಮ ತೀರಿಹೋದನೆಂಬ ಸುದ್ದಿ ಬಂದ ದಿನ ಅಕ್ಕಸಾಲಿ ಅದನ್ನು ನಂಬಲಿಲ್ಲ. ಗುರುತಿಲ್ಲದ ದನಿಯೊಂದು ಫೋನಿನಲ್ಲಿ, "ನಿಮ್ಮ ತಮ್ಮ ಏಣಿ ಇಳಿದು ನೀರು ಕೇಳಿದ್ರು, ಕೂತೋರು ಏಳ್ಲಿಲ್ಲ" ಎಂದಿತು. "ಯಾರಯ್ಯಾ ನೀನು? ಯಾರ ಹತ್ರ ಆಟ ಆಡ್ತಿದೀಯ?" ಎಂದು ಗದರಿ ಫೋನಿಟ್ಟು, ತಮ್ಮನ ನಂಬರಿಗೇ ಕರೆ ಮಾಡಿದ. ಎತ್ತಿದ್ದೂ ಅದೇ ದನಿ. ಕೈಯಲ್ಲಿದ್ದ ಊದುಕೊಳವೆಯನ್ನು ಕೆಳಗಿಟ್ಟು ಎದ್ದ.

ನಲವತ್ತು ವರ್ಷ ಒರೆಗಲ್ಲಿನ ಮುಂದೆ ಕೂತವನಿಗೆ ಅನುಮಾನವೇ ಕಸುಬು. ಹಾಲು ಕೊಟ್ಟರೂ ಮೂಸಿಯೇ ಕುಡಿಯುವವನು. ಲೋಕದಲ್ಲಿ ಅವನು ಉಜ್ಜಿ ನೋಡದೆ ನಂಬಿದ್ದು ಒಬ್ಬನನ್ನೇ, ವೈರಿಂಗ್ ಕೆಲಸದ ಆ ತಮ್ಮನನ್ನು.

ತಿಂಗಳು ಕಳೆದ ಮೇಲೆ ತಮ್ಮನ ಹೆಂಡತಿ ಕರೆಸಿದಳು. ಅವಳು ಮನೆಯಿಂದಲೇ ಕಂಪ್ಯೂಟರಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವವಳು. ದಪ್ಪ ಗೋಡೆಗಳನ್ನು ವೈಫೈ ದಾಟದೆ ಪಾಠ ನಡುನಡುವೆ ನಿಂತುಹೋಗುತ್ತಿತ್ತು. ಅದಕ್ಕೇ ಗಂಡ ಮೂರು ಕೋಣೆಗಳಿಗೆ ಗೋಡೆಯೊಳಗಿನ ಪೈಪುಗಳಲ್ಲಿ ನೆಟ್‌ವರ್ಕ್ ಕೇಬಲ್ ಎಳೆದಿದ್ದ. ತುದಿಗಳನ್ನು ಇನ್ನೂ ಜೋಡಿಸಿರಲಿಲ್ಲ. ಪಾಠದ ಕೋಣೆಗೆ ಎಳೆಯುವುದೇ ಬಾಕಿಯಿತ್ತು.

"ಭಾವ, ಅವರು ತಂದಿದ್ದ ಕೇಬಲ್ ಡಬ್ಬ ಮಂಚದ ಕೆಳಗಿದೆ. ಯಾರನ್ನಾದ್ರೂ ಕರೆಸಿ ಇದೊಂದು ಮುಗಿಸಿಕೊಡಿ" ಎಂದಳು.

ಡಬ್ಬವನ್ನು ಎಳೆದಾಗಲೇ ಅವನ ಕೈಗೆ ಏನೋ ಅನಿಸಿತು. ಇಷ್ಟು ದೊಡ್ಡ ಸುರುಳಿ ಇಷ್ಟು ಹಗುರವೆ? ಕೇಬಲ್ಲಿನ ತುದಿಯಲ್ಲಿ ಬಿಗಿಯಾದ ಗಂಟೊಂದಿತ್ತು; ಸುರುಳಿ ಬಿಚ್ಚದಿರಲೆಂದು ಹಾಕಿರಬೇಕು ಎಂದುಕೊಂಡ. ಗಂಟಿನ ಹಿಂದೆ ಸಿಪ್ಪೆ ಸುಲಿದು, ಒಳಗಿನ ಎಂಟು ಎಳೆಗಳಲ್ಲಿ ಒಂದನ್ನು ಜೇಬಿನ ಪುಟ್ಟ ಅರದಿಂದ ಉಜ್ಜಿದ. ಕೆಂಪು ಹೋಗಿ ಬಿಳಿ ಬಂತು. ಇನ್ನೊಂದನ್ನು ಉಜ್ಜಿದ. ಅದೂ ಬಿಳಿ. ಅಲ್ಯೂಮಿನಿಯಮ್ಮಿಗೆ ತಾಮ್ರದ ಮುಲಾಮು. ಮೇಲೆ ಥಳುಕು, ಒಳಗೆ ಹುಳುಕು.

ಇದನ್ನೇ ಗೋಡೆಯೊಳಗೂ ಎಳೆದಿದ್ದಾನೆಯೆ? ಕಟ್ಟಿಕೊಂಡವಳ ಮನೆಗೇ ಹೀಗೆ ಮಾಡಿದವನು ಪರರ ಮನೆಗಳಲ್ಲಿ ಏನೇನು ಮಾಡಿದ್ದಾನು! ಅವಳಿಗೆ ಏನೂ ಹೇಳದೆ, ಗಂಟಿನ ಸಮೇತ ಗೇಣುದ್ದದ ತುಂಡು ಕತ್ತರಿಸಿ ಜೇಬಿಗಿಳಿಸಿ, ತಮ್ಮ ಕೊಳ್ಳುತ್ತಿದ್ದ ಅಂಗಡಿಗೆ ನಡೆದು, ತಮ್ಮನ ಮನೆಗೆ ಕೇಬಲ್ ಬೇಕೆಂದ. ಅಣ್ಣತಮ್ಮಂದಿರಿಬ್ಬರೂ ಅಂಗಡಿಯವನಿಗೆ ಗೊತ್ತಿದ್ದವರೇ.

"ಗೋಡೆಯೊಳಗೆ ಎಳೆಯೋಕಾ? ಹಾಗಾದ್ರೆ ಕ್ಯಾಟ್ ಸಿಕ್ಸ್ ದರ್ಜೇದು, ಒಂದೊಂದೂ ಗಟ್ಟಿ ಎಳೆ ಇರೋದು ತಗೊಳ್ಳಿ" ಎಂದ ಅಂಗಡಿಯವನು. "ನೂಲಿನ ಥರ ಹೊಸೆದಿರೋದು ಮೇಜಿನ ಮೇಲಿನ ಗಿಡ್ಡ ಕೇಬಲ್ಲಿಗೆ ಸರಿ."

"ಪೂರ್ತಿ ತಾಮ್ರಾನಾ?"

"ಡಬ್ಬದ ಮೇಲೇ ಬರೆದಿದೆಯಲ್ಲ ಯಜಮಾನ್ರೆ."

"ಡಬ್ಬಕ್ಕೇನು, ಏನು ಬರೆದ್ರೂ ಹೊತ್ಕೊಳ್ಳುತ್ತೆ. ತುದಿ ಕೊಡು."

ಅರ ಹೊರಬಂದದ್ದು ಕಂಡು ಅಂಗಡಿಯವನು ನಕ್ಕ. "ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ ಅಂತಾರೆ. ನೀವು ತಮ್ಮನ ಕೇಬಲ್ಲನ್ನೂ ಬಿಡಲ್ವಾ?"

ಸಾವಿರ ಸಲ ಕೇಳಿ ಸವೆದ ಗಾದೆ, ಈ ಸಲ ನಾಟಿತು. ಜೇಬಿನ ತುಂಡನ್ನು ಅವನ ಮುಂದೆ ಎಸೆದ. "ಇದು ನಿನ್ನ ಅಂಗಡೀದಾ?"

ಅಂಗಡಿಯವನ ನಗು ಆರಿತು. ಗಂಟನ್ನು ಬೆರಳಿನಿಂದ ತಡವಿದ.

"ಇದು ಅವರ ಗಂಟೇ. ಮಾಲು ಕೊಟ್ಟೋನು ನಂಗೇ ಟೋಪಿ ಹಾಕಿದ್ದ ಯಜಮಾನ್ರೆ. ನಿಮ್ಮ ತಮ್ಮ ಎಳೆಯೋಕೆ ಮುಂಚೆ ಕೆರೆದು ನೋಡಿ, ಓಡಿಬಂದು, ಇಲ್ಲೇ ನಿಂತು ನನ್ನ ಮಾನ ಕಳೆದ್ರು. ಆಗ ಮೂರು ಕೋಣೆಗಾಗೋಷ್ಟೇ ಒಳ್ಳೇ ಕೇಬಲ್ ಇತ್ತು, ಅದನ್ನ ಕೊಟ್ಟೆ. ಇದನ್ನ ಆಮೇಲೆ ತಂದುಕೊಡ್ತೀನಿ ಅಂದಿದ್ರು. ಕೆಟ್ಟ ಕೇಬಲ್ ಸಿಕ್ಕಿದ್ರೆ ತುದೀಲಿ ಗಂಟು ಹಾಕಿಡೋರು. ಗಂಟಿದ್ರೆ ಪೈಪಿನೊಳಗೆ ಹೋಗಲ್ಲ ನೋಡಿ, ಮರೆತು ಕೂಡ ಯಾರೂ ಎಳೆಯೋ ಹಾಗಿಲ್ಲ."

ಅಕ್ಕಸಾಲಿಗೆ ನಂಬಿಕೆ ಬರಲಿಲ್ಲ. ಕಳ್ಳನಿಗೊಂದು ಪಿಳ್ಳೆ ನೆವ. ಸತ್ತವನನ್ನು ಸಾಕ್ಷಿ ಮಾಡುವುದು ಎಷ್ಟು ಸುಲಭ! ತನ್ನ ಕಸುಬಿನಲ್ಲಿ ಕೆಟ್ಟದ್ದನ್ನು ಕರಗಿಸುತ್ತಾರೆ, ಗಂಟು ಹಾಕಿ ಯಾರು ಇಡುತ್ತಾರೆ? ಹೊಸ ಕೇಬಲ್ಲಿನ ಎಂಟೂ ಎಳೆಗಳನ್ನು ಉಜ್ಜಿದ. ಸವೆದಷ್ಟೂ ಕೆಂಪೇ. ಬೇಕಾದಷ್ಟು ಅಳೆಸಿಕೊಂಡು ಮನೆಗೆ ಬಂದವನು ನೇರವಾಗಿ ಮೊದಲ ಕೋಣೆಗೆ ಹೋಗಿ, ಗೋಡೆಯ ಪೆಟ್ಟಿಗೆಯ ಮುಚ್ಚಳ ಬಿಚ್ಚತೊಡಗಿದ.

"ಅಲ್ಲಿ ಎಳೆದಾಗಿದೆಯಲ್ಲ ಭಾವ, ಯಾಕೆ ಬಿಚ್ತೀರಿ?"

ಒಳಗೆ ಮಡಚಿಟ್ಟಿದ್ದ ತುದಿಯನ್ನು ಹೊರಗೆಳೆದು ಅರ ಎತ್ತಿದವನ ಕೈ ಅಲ್ಲೇ ನಿಂತಿತು. ಒಂದು ಎಳೆಯನ್ನು ಆಗಲೇ ಉಗುರಿನಷ್ಟು ಸುಲಿದು ಉಜ್ಜಲಾಗಿತ್ತು. ಒಳಗೂ ಕೆಂಪು. ಎರಡನೆಯ ಕೋಣೆಗೆ ಹೋದ, ಮೂರನೆಯದಕ್ಕೆ ಹೋದ. ಎಲ್ಲ ಕಡೆ ಅದೇ ಗುರುತು, ಅದೇ ಕೆಂಪು.

"ಯಾರಮ್ಮ ಉಜ್ಜಿದ್ದು?"

"ಅವರೇ, ಇನ್ಯಾರು? ಒಂದು ತುದೀನೂ ಬಿಡ್ತಿರಲಿಲ್ಲ. ಸಾಕು ಬಿಡ್ರಿ ಅಂದ್ರೆ, 'ಅಣ್ಣ ಒಂದಿನ ಬಂದು ಕೆರೆದು ನೋಡ್ತಾನೆ, ಅವನು ಬಿಡೋ ಪೈಕಿ ಅಲ್ಲ' ಅಂತ ನಗೋರು."

"ಬಂದೆ ಕಣಮ್ಮ" ಎಂದ ಅಕ್ಕಸಾಲಿ. "ಕೆರೆದೂ ನೋಡಿಬಿಟ್ಟೆ." ಅವಳು ಒಂದು ಲೋಟ ನೀರು ತಂದಿಟ್ಟಳು.

ಲೋಟವನ್ನು ಮುಟ್ಟದೆ, ತೆರೆದ ಗೋಡೆಯ ಮುಂದೆ ಕೂತು ಕೈಮುಗಿದ.

"ದೇವರೇ, ಅವನನ್ನು ಸಂಶಯಿಸಿದ ಪಾಪ ನನ್ನದು, ನನ್ನ ತಲೆಯ ಮೇಲೇ ಇರಲಿ. ಅವನು ಅಪ್ಪಟ. ನಿನ್ನ ಒರೆಗಲ್ಲಿನ ಮುಂದೆ ಅವನನ್ನು ಬಹಳ ಹೊತ್ತು ನಿಲ್ಲಿಸಬೇಡ. ದಣಿದು ಏಣಿ ಇಳಿದವನು, ನೀರು ಕೇಳಿದವನು. ನೀರು ಕೊಟ್ಟು ನೆರಳಿನಲ್ಲಿ ಕೂರಿಸಿಕೋ. ನನ್ನ ತಮ್ಮನಿಗೆ ಶಾಂತಿ ಕೊಡು."