ಮೊಟ್ಟೆಯೊಳಗಿನ ಮದ್ದು

ಸೀಸ ಎಂದರೆ ಅಕ್ಕನಿಗೆ ತಿಳಿಯುವುದಿಲ್ಲ. ವಿಷ ಎಂದರೆ, ಯಾರು ಹಾಕಿದರು, ಹೆಸರು ಹೇಳು ಅನ್ನುತ್ತಾಳೆ. ಯಾರ ಹೆಸರು ಹೇಳುವುದು? ಕೆಟ್ಟ ಫ್ರಿಜ್ಜುಗಳ ಮೇಲೆ ‘ಕೊಡುಗೆ’ ಎಂದು ಬರೆದು ಇಲ್ಲಿಗೆ ಬರುವ ಹಡಗಿಗೆ ತುಂಬಿದವನದೋ? ನಪಾರಿ ಕಾಗದವನ್ನು ಮತ್ತೆ ಮಡಚಿದ.

ಅಕ್ರಾ ನಗರದ ಗುಜರಿ ಬಯಲಿನಲ್ಲಿ ಬೆಳಗಿನಿಂದಲೇ ವೈರು ಸುಡುತ್ತಿದ್ದರು. ತಾಮ್ರವೊಂದು ಉಳಿದು ಮಿಕ್ಕದ್ದೆಲ್ಲ ಕರಿಹೊಗೆಯಾಗಿ ಗುಡಿಸಲುಗಳ ಮೇಲೆ ಇಳಿಯುತ್ತಿತ್ತು. ಅಕ್ಕ ಸನಾತುವಿನ ಕೋಳಿಗಳು ಆ ಬೂದಿಯನ್ನೇ ಕೆದರಿ ಮೇಯುತ್ತಿದ್ದವು. ಹೋದ ತಿಂಗಳು ಕೈಗವಸು ತೊಟ್ಟ ಪರದೇಶದವರು ಅವುಗಳ ಮೊಟ್ಟೆಯನ್ನು ಪರೀಕ್ಷೆಗೆ ಒಯ್ದಿದ್ದರು. ಅವರ ಉತ್ತರ, ಈ ಕಾಗದ, ಇಂಗ್ಲಿಷಿನಲ್ಲಿ ಬಂದಿತ್ತು. ಮೊಟ್ಟೆಯಲ್ಲಿ ಸೀಸವಿದೆ, ತಿನ್ನಬೇಡಿ ಎಂದು ಬರೆದವರು, ಮತ್ತೇನು ತಿನ್ನಬೇಕೆಂದು ಬರೆದಿರಲಿಲ್ಲ. ಗುಡಿಸಲುಗಳ ಆ ಸಾಲಿನಲ್ಲಿ ಅದನ್ನು ಓದಬಲ್ಲವನು ಕಾಲೇಜು ಮುಗಿಸಿದ ನಪಾರಿ ಒಬ್ಬನೇ.

ಸನಾತುವಿನ ಮೊದಲ ಬಸಿರು ಇಳಿದುಹೋದಾಗ, ‘ಸೊರಗಿದ್ದೀಯ, ದಿನಕ್ಕೊಂದು ಮೊಟ್ಟೆ ತಿನ್ನು’ ಎಂದು ಓದಿದವನ ಗತ್ತಿನಲ್ಲಿ ಹೇಳಿದ್ದವನೂ ಅವನೇ. ಎರಡನೆಯದು ಆಮೇಲೆ ಹೋಯಿತು. ಈಗ ಮೂರನೆಯದಕ್ಕೆ ಆರು ತಿಂಗಳು.

“ಏನಂತೋ ಪಂಡಿತ?” ಅಕ್ಕ ಊಟಕ್ಕೆ ಕೂತವರ ಕಾಳಿನ ಅನ್ನದ ಮೇಲೆ ಮೊಟ್ಟೆ ಇಡುತ್ತ ಕೇಳಿದಳು. “ಕಾಗದ ಹಿಡ್ಕೊಂಡು ಬಾಯಿಗೆ ಬೀಗ ಹಾಕ್ಕೊಂಡಿದ್ದೀಯಲ್ಲ, ನನ್ನ ಕೋಳಿಗೆ ಅವರೂರಲ್ಲಿ ಗಂಡು ಗೊತ್ತುಮಾಡಿದ್ರಾ?”

“ಮೊಟ್ಟೇಲಿ... ಮದ್ದಿದೆಯಂತೆ ಅಕ್ಕಾ.”

ಅವರ ದಗ್ಬಾನಿ ಮಾತಿನಲ್ಲೂ ಬದುಕಿಸುವ ಮದ್ದಿಗೂ ಕೊಲ್ಲುವ ಮದ್ದಿಗೂ ಇರುವುದು ಒಂದೇ ಪದ. ಅವನು ಹೇಳಿದ್ದು ಕೊಲ್ಲುವುದನ್ನು. ಅವಳ ಮುಖ ಅರಳಿತು.

“ಕೇಳ್ರಪ್ಪೋ! ಬಿಳಿಯರೇ ಹೇಳಿದಾರೆ, ನನ್ನ ಮೊಟ್ಟೆ ಮದ್ದಂತೆ!” ಹೊಟ್ಟೆ ಸವರಿಕೊಂಡಳು. “ಅದಕ್ಕೇ ಇದು ಈ ಸಲ ನಿಂತಿರೋದು. ನೀನೇ ಅಲ್ವೇನೋ ತಿನ್ನು ಅಂದದ್ದು?”

“ನಂಗೆರಡು ಕೊಡಕ್ಕಾ, ಕೆಮ್ಮಿಗೂ ಆಗುತ್ತೇನೋ ನೋಡಾಣ,” ಎಂದ ವೈರು ಸುಡುವ ಅಜಿಂದೋ, ಕೆಮ್ಮುತ್ತಲೇ.

ನಪಾರಿ ದಡಕ್ಕನೆ ಎದ್ದು, ಪಕ್ಕದಲ್ಲಿ ಮಗುಚಿ ಬಿದ್ದಿದ್ದ ಫ್ರಿಜ್ಜಿಗೆ ಒದ್ದ. ಯಾವುದೋ ಚಳಿದೇಶದ ಶಾಲೆಯ ಚೀಟಿ ಅದರ ಮೇಲೆ ಹಾಗೇ ಅಂಟಿಕೊಂಡಿತ್ತು. ಇನ್ನೊಮ್ಮೆ ಒದ್ದ. ಮತ್ತೊಮ್ಮೆ. ಹೆಬ್ಬೆರಳಿನ ಉಗುರು ಸೀಳಿ ರಕ್ತ ಬಂತು.

“ಅದೇನು ಮಾಡ್ತೋ ನಿಂಗೆ? ಬಾ ಇಲ್ಲಿ, ತಿಂದ್ರೆ ಸಿಟ್ಟು ಇಳಿಯುತ್ತೆ.”

ಸನಾತು ಮೊಟ್ಟೆಯೊಂದರ ಸಿಪ್ಪೆ ಸುಲಿದು, ದಾರದಿಂದ ಎರಡು ಹೋಳು ಮಾಡಿ, ದೊಡ್ಡದನ್ನು ತಮ್ಮನ ಕೈಗಿಟ್ಟಳು. ನಪಾರಿ ನುಂಗಿದ. ಉಳಿದರ್ಧಕ್ಕೆ ಖಾರ ಸವರಿ ಅವಳೂ ತಿಂದಳು.

ಅದು ಕೊಲ್ಲುವ ಮದ್ದು ಎಂದು ಅವನು ಹೇಳಲಿಲ್ಲ.