ಬಿಳಿ ಚುಕ್ಕೆ ಒಂದೂ ಉಳಿಯಕೂಡದು

ಬೆಳ್ಳಕ್ಕಿಗೆ ನನ್ನ ಮೇಲೆ ಏನು ಹಗೆಯೋ ಗೊತ್ತಿಲ್ಲ. ಎಪ್ಪತ್ತನಾಲ್ಕನೇ ಇಸವಿಯ ಚಳಿಗಾಲದಲ್ಲಿ ನಾಲ್ಕು ತಿಂಗಳು, ಒಂದು ಭಾನುವಾರವೂ ತಪ್ಪದೆ, ರಾಜಾಜಿನಗರದಿಂದ ಮೊದಲನೇ ಬಸ್ಸು ಹಿಡಿದು ಕೆಂಗೇರಿ ಕೆರೆಗೆ ಹೋಗಿ ಮಂಡಿಯುದ್ದ ಕೆಸರಲ್ಲಿ ನಿಂತೆ. ಹಕ್ಕಿಯೂ ನಿಂತಿತು. ಕ್ಯಾಮೆರಾ ಕಣ್ಣಿಗೆ ಹಿಡಿದು ಕೈ ನಡುಗುವವರೆಗೆ ಕಾದರೂ ಅದು ಕದಲದು. ಮೂಗು ಒರೆಸಿಕೊಳ್ಳೋಣ ಅಂತ ಕ್ಯಾಮೆರಾ ಇಳಿಸಿದರೆ ಸಾಕು, ಕತ್ತು ಚಾಚಿ ಮೀನು ಹಿಡಿದು ನುಂಗಿ, ಏನೂ ಅರಿಯದ ಸಂಭಾವಿತನ ಹಾಗೆ ಮತ್ತೆ ನಿಂತುಬಿಡುವುದು. ದಡದಲ್ಲಿ ಎಮ್ಮೆ ಮೇಯಿಸುವ ಉಗ್ರಪ್ಪ ಇದನ್ನೆಲ್ಲ ನೋಡಿ ನೋಡಿ ಸಾಕಾಗಿ, ಮೀನು ಬೇಕಿದ್ದರೆ ತಾನೇ ಹಿಡಿದುಕೊಡುತ್ತೇನೆ, ಆ ಹಕ್ಕಿಯನ್ನು ಯಾಕೆ ಕಾಯುತ್ತೀರಿ ಅಂದ.

ನನಗೆ ಬೇಕಿದ್ದದ್ದು ಮೀನಲ್ಲ. ಫೋಟೋ ಸಂಘದ ವಾರ್ಷಿಕ ಪ್ರದರ್ಶನದ ನಿಸರ್ಗ ವಿಭಾಗದಲ್ಲಿ ನನ್ನದೊಂದು ಚಿತ್ರ ಗೋಡೆಗೆ ಏರಬೇಕಿತ್ತು. ಮೂರು ವರ್ಷ ಕಳಿಸಿ ಮೂರು ವರ್ಷವೂ ವಾಪಸು ಬಂದಿತ್ತು. ಈ ಸಲವೂ ಬಂದರೆ ಕ್ಯಾಮೆರಾ ಬೀರುವಿಗೆ, ಭಾನುವಾರ ಮನೆಗೆ ಅಂತ ಹೆಂಡತಿ ವತ್ಸಲಾಗೆ ಮಾತು ಕೊಟ್ಟಿದ್ದೆ. ನಾನು ಕಾರ್ಖಾನೆಯಲ್ಲಿ ನಕ್ಷೆ ಬರೆಯುವವನು. ಗೀಟು ಕೂದಲೆಳೆಯಷ್ಟು ಆಚೀಚೆ ಆದರೆ ಸಹಿಸುವವನಲ್ಲ, ಕೊಟ್ಟ ಮಾತಿನಲ್ಲೂ ಹಾಗೇ.

ಜನವರಿಯ ಕೊನೇ ಭಾನುವಾರ ಕೊನೆಗೂ ಸಿಕ್ಕಿತು. ಹಕ್ಕಿ ಕೊಕ್ಕಿಗೆ ಮೀನು ಕಚ್ಚಿಕೊಂಡು ತಲೆ ಎತ್ತಿದ ಗಳಿಗೆ, ನೀರು ಹನಿಹನಿಯಾಗಿ ಮೇಲೆದ್ದಿತ್ತು. ಹಿಂದೆ ಕೆರೆಯ ಕಪ್ಪು ಏರಿ, ಅದರ ಮುಂದೆ ಒಂದೊಂದು ಹನಿಯೂ ಬೆಳ್ಳಗೆ ಬೇರೆಬೇರೆ. ಆದರೆ ಚಿತ್ರದ ಬಲಕ್ಕೆ ಒಂದು ಎಮ್ಮೆಯ ಹಿಂಭಾಗ, ಎಡಕ್ಕೆ ಕಲ್ಲಿನ ಮೇಲೆ ಉಗ್ರಪ್ಪ ಒಣಹಾಕಿದ್ದ ಪಂಚೆ. ಮನುಷ್ಯನ ಸುಳಿವಿದ್ದರೆ ಸಂಘದವರು ಚಿತ್ರವನ್ನು ಮುಟ್ಟುವುದೂ ಇಲ್ಲ. ಅಂಚೆಚೀಟಿಯಷ್ಟು ಚಿಕ್ಕ ಪ್ರಿಂಟಿನ ಮೇಲೆ ಕೆಂಪು ಪೆನ್ಸಿಲಿನಿಂದ ನಾಲ್ಕು ಗೀಟು ಎಳೆದು ಎಮ್ಮೆ, ಪಂಚೆ ಎರಡನ್ನೂ ಹೊರಗೆ ಹಾಕಿದೆ. ಹಕ್ಕಿ ಮುಖ ಮಾಡಿದ ಕಡೆ ಅದು ಚಿಮ್ಮಿಸಿದ ನೀರಿಗೆ ಜಾಗ ಬಿಟ್ಟೆ. ಕಾಲಿನ ಕೆಳಗೂ ಒಂದಿಷ್ಟು ನೀರು ಬಿಟ್ಟೆ.

ದೊಡ್ಡದು ಮಾಡಿಸಲು ಮಾಗಡಿ ರಸ್ತೆಯಲ್ಲಿ ಸೇತುರಾಮನ ಸ್ಟುಡಿಯೋ ಬಿಟ್ಟರೆ ನನಗೆ ಗತಿಯಿರಲಿಲ್ಲ. ಆತ ಮದುವೆ ಫೋಟೋದವನು. ನನ್ನ ಗೀಟನ್ನೆಲ್ಲ ಗೀಟಿನ ಪಾಡಿಗೆ ಬಿಟ್ಟು ಹಕ್ಕಿಯನ್ನು ನಟ್ಟನಡುವೆ ಕೂರಿಸಿ, ಮದುಮಗಳನ್ನು ಕತ್ತರಿಸುವ ಹಾಗೆ ಸೊಂಟಕ್ಕೆ ಕತ್ತರಿಸಿ ಕೊಟ್ಟ. ನೀರಲ್ಲಿ ನಡೆಯುವ ಹಕ್ಕಿಗೆ ಕಾಲೇ ಇಲ್ಲ. ಮುಖ ಚೆನ್ನಾಗಿ ಬಂದಿದೆಯಲ್ಲ ಸಾರ್ ಅಂತ ಬೇರೆ ಕೇಳಿದ. ಅಂಗಡಿಯಲ್ಲಿ ಗಿರಾಕಿಗಳಿದ್ದಾರೆ ಅಂತಲೂ ನೋಡದೆ ಕೂಗಾಡಿದೆ. ಹೋದ ವರ್ಷ ಅವನ ಪ್ರಿಂಟಿನಲ್ಲಿ ದೂಳಿನ ಬಿಳಿ ಚುಕ್ಕೆಗಳಿದ್ದವೆಂದೇ ನನ್ನ ಚಿತ್ರ ವಾಪಸು ಬಂದದ್ದು. ಅದೂ ನೆನಪಾಗಿ ಸಿಟ್ಟು ನೆತ್ತಿಗೇರಿತು. ಅವನ ಕೈಯಿಂದ ಕವರು ಕಿತ್ತುಕೊಂಡು ಅದರ ಮೇಲೆ ಕೆಂಪು ಪೆನ್ಸಿಲಿನಲ್ಲಿ ಎರಡು ಸಾಲು ಬರೆದು, ಎರಡೆರಡು ಅಡಿಗೆರೆ ಎಳೆದು ಮೇಜಿನ ಮೇಲೆ ಕುಕ್ಕಿ ಬಂದೆ.

ಚಿತ್ರ ಕೊಡುವ ಕೊನೇ ದಿನ ಮಧ್ಯಾಹ್ನ ಅರ್ಧ ದಿನದ ರಜೆ ಹಾಕಿ ಹೋದೆ. ಐದು ಗಂಟೆಯೊಳಗೆ ಸಂಘಕ್ಕೆ ತಲುಪಿಸಬೇಕು. ಸೇತುರಾಮ ಎರಡೂ ಕೈಯಲ್ಲಿ ಹಿಡಿದು ತಂದ. ಈ ಸಲ ನನ್ನ ಗೀಟಿನಂತೆಯೇ ಕತ್ತರಿಸಿದ್ದ. ಎಮ್ಮೆ ಇಲ್ಲ, ಪಂಚೆ ಇಲ್ಲ, ಎರಡೂ ಕಾಲು ಪೂರ್ತಿ ಇದ್ದವು. ಎದೆ ಹಗುರಾಯಿತು. ಆಮೇಲೆ ನೋಡಿದೆ, ನೀರಿನ ಹನಿ ಒಂದೂ ಇರಲಿಲ್ಲ. ಹಕ್ಕಿಯ ಮುಂದೆ ಬಿಟ್ಟ ಜಾಗವೆಲ್ಲ ಒರೆಸಿದ ಹಲಗೆಯ ಹಾಗೆ ಕಪ್ಪಗೆ, ನುಣ್ಣಗೆ ಇತ್ತು.

ಹನಿ ಎಲ್ಲಿ ಅಂತ ಕೇಳಿದೆ. ಯಾವ ಹನಿ ಅಂದ. ನಾನು ಬೆರಳಿಟ್ಟು ತೋರಿಸಿದೆ. ಆತನ ಮುಖ ಅರಳಿತು. ಬೆಳಿಗ್ಗೆಯಿಂದ ಭೂತಗನ್ನಡಿ ಹಿಡಿದು, ಸಣ್ಣ ಕುಂಚದಲ್ಲಿ ಮಸಿ ಹಚ್ಚಿ ಒಂದೊಂದನ್ನೇ ಮುಚ್ಚಿದ್ದನಂತೆ. ಮದುವೆ ಫೋಟೋದಲ್ಲಿ ಮುಖದ ಮುಂದೆ ಅಕ್ಷತೆ ಕಾಳು ಹಾರಿದ್ದರೂ ಹೀಗೇ ಒರೆಸುತ್ತಾನಂತೆ, ಇಲ್ಲದಿದ್ದರೆ ಹುಡುಗಿಗೆ ಸಿಡುಬಿನ ಕಲೆ ಇದೆ ಅಂತ ಬೀಗರು ತಿಳಿಯುತ್ತಾರಂತೆ.

ತೊಳೆದರೆ ಹೋಗುತ್ತದೆಯೇ ಅಂದೆ.

"ಹೋಗೋದೇ ಇಲ್ಲ ಸಾರ್, ಗೋಂದು ಬೆರೆಸಿದೀನಿ," ಅಂದ ಹೆಮ್ಮೆಯಿಂದ.

ಇನ್ನೊಂದು ಪ್ರಿಂಟು ಹಾಕೋಣವೆಂದರೆ ಆ ಅಳತೆಯ ಕಾಗದ ಅದೇ ಕೊನೆಯದು. ಊರಲ್ಲೆಲ್ಲೂ ಸಿಗದೆ ಹದಿನೈದು ದಿನವಾಗಿತ್ತು. ಚಿಕ್ಕ ಅಳತೆಯನ್ನು ಸಂಘ ಒಪ್ಪುವುದಿಲ್ಲ. ಆಗ ಬಾಯಿಗೆ ಬಂದದ್ದೆಲ್ಲ ಅಂದೆ. ಕುರುಡ ಅಂದೆ, ನಾಲ್ಕು ತಿಂಗಳು ಕೆಸರಲ್ಲಿ ನಿಂತದ್ದನ್ನು ಒಂದು ಬೆಳಿಗ್ಗೆಯಲ್ಲಿ ಒರೆಸಿಹಾಕಿದೆ ಅಂದೆ. ಸೇತುರಾಮ ಮೇಜಿನ ಮೇಲುಗಡೆ ಗೋಡೆಗೆ ಸಿಕ್ಕಿಸಿದ್ದ ಕವರನ್ನು ತೆಗೆದು ನನ್ನ ಮುಂದಿಟ್ಟ. ನನ್ನದೇ ದುಂಡು ಅಕ್ಷರ. ಕಾಲು ಕತ್ತರಿಸಬಾರದು. ಬಿಳಿ ಚುಕ್ಕೆ ಒಂದೂ ಉಳಿಯಕೂಡದು.

"ಎರಡೆರಡು ಗೀಟು ಹಾಕಿದ್ರಲ್ಲ ಸಾರ್," ಅಂದ. "ಅದಕ್ಕೇ ಒಂದೂ ಬಿಡಲಿಲ್ಲ."

ಅವನ ಕಣ್ಣು ಕೆಂಪಗಿದ್ದವು, ಬೆಳಿಗ್ಗೆಯಿಂದ ಭೂತಗನ್ನಡಿಯಲ್ಲಿ ನೋಡಿ ನೋಡಿ. ನನಗೆ ನಾಚಿಕೆಯಾಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ, ಯಾರ ಮೇಲೆ ಅಂತಲೂ ತಿಳಿಯಲಿಲ್ಲ. ಬೇರೆ ದಾರಿಯಿಲ್ಲದೆ ಅದನ್ನೇ ಕಳಿಸಿದೆ.

ಮೂರು ವಾರಕ್ಕೆ ವಾಪಸು ಬಂತು. ಹಿಂದೆ ಒಂದು ಚೀಟಿ ಅಂಟಿಸಿದ್ದರು. ಹಕ್ಕಿ ಸ್ಪಷ್ಟವಾಗಿದೆ, ಚಲನೆ ಇಲ್ಲ. ಇಟ್ಟುಕೊಳ್ಳಲು ಮನಸ್ಸಾಗದೆ ಸೇತುರಾಮನಿಗೇ ಕೊಟ್ಟುಬಂದೆ. ಕ್ಯಾಮೆರಾ ಬೀರುವಿಗೆ ಹೋಯಿತು.

ಮುಂದಿನ ಭಾನುವಾರ ವತ್ಸಲಾ ಜೊತೆ ತರಕಾರಿಗೆ ಹೊರಟೆ. ಸ್ಟುಡಿಯೋದ ಗಾಜಿನ ಕಪಾಟಿನಲ್ಲಿ, ಮದುಮಕ್ಕಳ ಫೋಟೋಗಳ ಸಾಲಿನ ನಡುವೆ, ನನ್ನ ಬೆಳ್ಳಕ್ಕಿಯನ್ನು ಕಟ್ಟು ಹಾಕಿಸಿ ತೂಗುಹಾಕಿದ್ದ. ಸಿಟ್ಟಿನಲ್ಲಿ ನಾನು ಅವಳಿಗೆ ಅದನ್ನು ತೋರಿಸಿಯೇ ಇರಲಿಲ್ಲ. ಇದೇನಾ ಅಂತ ಕೇಳಿ ನಿಂತುಕೊಂಡು ತುಂಬ ಹೊತ್ತು ನೋಡಿದಳು. ಎಷ್ಟು ಚೊಕ್ಕವಾಗಿದೆ ಅಂದಳು.

"ಅಲ್ಲಾರೀ, ಇದಕ್ಕೆ ಮೀನು ಯಾರು ಕೊಟ್ರು?"

ಹನಿಗಳು ಇರಬೇಕಿದ್ದ ಕಪ್ಪು ಜಾಗವನ್ನು ಒಂದು ಸಲ ನೋಡಿದೆ.

"ಉಗ್ರಪ್ಪ ಅಂತ ಒಬ್ಬ ಇದಾನೆ ಕಣೇ," ಅಂದೆ. "ಅವನು." ತರಕಾರಿ ಚೀಲವನ್ನು ಅವಳ ಕೈಯಿಂದ ತೆಗೆದುಕೊಂಡು ಮುಂದೆ ನಡೆದೆ.