ಸುಣ್ಣದ ಗೆರೆ

ಮೂವತ್ನಾಲ್ಕು ವರ್ಷ ಬಸ್ ಓಡಿಸಿ, ಒಂದು ಕೋಳಿಯ ಪುಕ್ಕಕ್ಕೂ ಕುಂದು ತರದೆ ನಿವೃತ್ತನಾದ ಮನುಷ್ಯನನ್ನು, ಸೊಂಟದೆತ್ತರವೂ ಇಲ್ಲದ ಒಂದು ಯಂತ್ರದ ಮುಂದೆ ಪರೀಕ್ಷೆಗೆ ನಿಲ್ಲಿಸಿದರೆ ಅವನ ಮುಖ ಹೇಗಾಗಬೇಕೋ ಡ್ರೈವರಿನ ಮುಖ ಹಾಗೇ ಆಗಿತ್ತು. ಅವನು ನಿಂತಿದ್ದದ್ದು ಬಾಡಿಗೆಯಂಗಡಿಯ ಹಿತ್ತಲಲ್ಲಿ. ಎದುರಿಗೆ ಟಿಲ್ಲರ್: ಮೇಲೆ ಪುಟ್ಟ ಇಂಜಿನ್ನು, ಕೆಳಗೆ ಮಣ್ಣು ಸೀಳುವ ಬಾಗಿದ ಹಲ್ಲುಗಳು, ಹಿಂದಕ್ಕೆ ಎಮ್ಮೆಯ ಕೊಂಬಿನಂತೆ ಚಾಚಿದ ಎರಡು ಹಿಡಿಕೆ.

ತಮ್ಮನ ಹೆಂಡತಿಗೆ ಮನೆಯ ಹಿಂದೆ ತರಕಾರಿ ಬೆಳೆಯುವ ಆಸೆ. ಅವಳು ಟೈಲರ್, ಇಡೀ ದಿನ ಹೊಲಿದು ಹೊಲಿದು, ಹೊಲ ಅನ್ನುವುದು ಅವಳಿಗೆ ಬರೀ 'ಹೊಲಿ' ಎಂಬ ಕ್ರಿಯಾಪದವಾಗಿ ಉಳಿದಿತ್ತು. ತಮ್ಮ ಗುದ್ದಲಿ ಹಿಡಿದು ಒಂದು ಗಂಟೆ ಅಗೆದವನು ಸೊಂಟ ಹಿಡಿದುಕೊಂಡು ಮಂಚ ಹತ್ತಿದ್ದ, ಇನ್ನೂ ಇಳಿದಿರಲಿಲ್ಲ. ಆಗ ಡ್ರೈವರು ಎದೆ ಉಬ್ಬಿಸಿ, "ನಾನಿರೋವಾಗ ನಿಮಗ್ಯಾಕೆ ಚಿಂತೆ?" ಅಂದುಬಿಟ್ಟಿದ್ದ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಯಾರಾದರೂ ಅವನನ್ನು ನೆಚ್ಚಿಕೊಂಡ ಮೊದಲ ಕೆಲಸ ಅದು. ಈಗ ಬರಿಗೈಯಲ್ಲಿ ಹಿಂತಿರುಗುವಂತಿರಲಿಲ್ಲ.

"ಬಸ್ಸೇ ಓಡಿಸಿದೋನಿಗೆ ಇದೊಂದು ಆಟದ ಸಾಮಾನು ಕಣಮ್ಮ," ಎಂದ ಅಂಗಡಿಯ ಯಜಮಾನಿಗೆ.

"ಬಸ್ಸಲ್ಲಿ ಹಲ್ಲು ಕಂಡಕ್ಟರಿಗಿರುತ್ತೆ. ಇಲ್ಲಿ ಮಷಿನ್ನಿಗಿದೆ," ಎಂದಳು ಯಜಮಾನಿ. "ನಮ್ಮಲ್ಲಿ ಶುರು ಮಾಡೋದು ಕೊನೇ ಪಾಠ. ಮೊದಲು ನಿಲ್ಲಿಸೋದು. ಅದು ಬರದೇ ಇದ್ರೆ ಮಷಿನ್ ಗೇಟ್ ದಾಟಲ್ಲ."

ಅವಳ ಪರೀಕ್ಷೆಗೆ ಪೆಟ್ರೋಲೂ ಬೇಕಿರಲಿಲ್ಲ. ಟಿಲ್ಲರಿನ ಹಲ್ಲುಗಳ ಹಿಂದೆ ನೆಲದ ಮೇಲೆ ಒಂದು ಗೇಣಗಲ ಸುಣ್ಣದ ಪುಡಿ ಉದುರಿಸಿ ಗೆರೆ ಎಳೆದಳು. "ಈ ಲಿವರ್ ಒತ್ತಿ ಹಿಡಿದಷ್ಟು ಹೊತ್ತು ಹಲ್ಲು ತಿರುಗುತ್ತೆ. ಬಿಟ್ರೆ ನಿಲ್ಲುತ್ತೆ. ಅಷ್ಟೇ ವಿದ್ಯೆ. ಆದ್ರೆ ಜನ ಹೆದರಿದಾಗ ಬಿಡಲ್ಲ, ಇನ್ನೂ ಗಟ್ಟಿ ಹಿಡೀತಾರೆ. ನಾನು ಡಬ್ಬ ಬಡಿದ ತಕ್ಷಣ ಕೈ ಬಿಡಬೇಕು, ಕಾಲು ಇದ್ದಲ್ಲೇ ಇರಬೇಕು. ಶೂಗೆ ಸುಣ್ಣ ಹತ್ತಿದ್ರೆ ಫೇಲು. ಮೂರು ಅವಕಾಶ ಕೊಡ್ತೀನಿ, ಒಂದರಲ್ಲಾದ್ರೂ ಪಾಸಾಗಬೇಕು."

ಡ್ರೈವರು ಹಿಡಿಕೆ ಹಿಡಿದ. ಸದ್ದಿಲ್ಲದ ಇಂಜಿನ್ನಿಗೆ ಜೊತೆಗೆ ಬಂದಿದ್ದ ತಮ್ಮನ ಹೆಂಡತಿಯೇ ಬಾಯಿಂದ "ಡುರ್ರ್‌ರ್" ಎಂದು ಸದ್ದು ಕೊಟ್ಟಳು. ಅಷ್ಟಕ್ಕೇ ಬಿಡದೆ ಭಾವನ ಗಂಟಲನ್ನೂ ಅನುಕರಿಸಿದಳು: "ಒಳಗೆ ಹೋಗಿ, ಒಳಗೆ ಹೋಗಿ, ಹಿಂದೆಲ್ಲ ಖಾಲಿ ಇದೆ, ಬಾಗಿಲಲ್ಲೇನು ಮನೆ ಕಟ್ಟಿದ್ದೀರಾ?"

"ಲೇ, ಸುಮ್ನಿರಮ್ಮ, ಕಾನ್ಸಂಟ್ರೇಷನ್ ಹೋಗುತ್ತೆ."

ಢಣ್ ಎಂದಿತು ಡಬ್ಬ. ಡ್ರೈವರಿನ ಕೈಗಳು ಲಿವರನ್ನು ಇನ್ನಷ್ಟು ಅವುಚಿಕೊಂಡವು. ಬಲಗಾಲು ಯಾರನ್ನೂ ಕೇಳದೆ ಮುಂದಕ್ಕೆ ಚಿಮ್ಮಿ ಧೊಪ್ಪನೆ ನೆಲ ತುಳಿಯಿತು. ಮೂವತ್ನಾಲ್ಕು ವರ್ಷ ಸಾವಿರಾರು ಜನರ ಜೀವ ಉಳಿಸಿದ ಕಾಲು ಅದು. ಬ್ರೇಕು ಎಲ್ಲಿದೆ ಎಂದು ವಿಚಾರಿಸಿ ತುಳಿಯುವ ಜಾಯಮಾನ ಅದಕ್ಕಿರಲಿಲ್ಲ. ಬ್ರೇಕಿರಬೇಕಾದ ಜಾಗದಲ್ಲಿ ಈಗ ಹಲ್ಲುಗಳಿದ್ದವು. ಶೂ ತುದಿ ಬೆಳ್ಳಗಾಗಿತ್ತು.

"ಹೆಬ್ಬೆರಳು ಹೋಯ್ತು," ಎಂದಳು ಯಜಮಾನಿ, ಲೆಕ್ಕ ಹಾಕುವವಳಂತೆ.

ಎರಡನೇ ಸಲವೂ ಹಾಗೇ ಆಯಿತು. "ಈಗ ಉಳಿದ ನಾಲ್ಕೂ ಹೋದ್ವು. ಚಪ್ಪಲಿ ಅಂಗಡಿಯವನಿಗೆ ಅರ್ಧ ನಷ್ಟ."

ಮೂರನೇ ಸಲ ಅವಳು ಡಬ್ಬ ಬಡಿಯುವುದಕ್ಕೂ ಒಳಗೆ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಯಜಮಾನಿ ಬಾಗಿಲತ್ತ ತಿರುಗಿದಳು. ಕಾಲು ತನ್ನ ಕೆಲಸ ತಾನು ಮಾಡಿ ಮುಗಿಸಿತ್ತು. ಡ್ರೈವರು ಅತ್ತಿತ್ತ ನೋಡಿ, ಸರಕ್ಕನೆ ಬಲ ಶೂವನ್ನು ಎಡಗಾಲಿನ ಪ್ಯಾಂಟಿನ ಹಿಂಭಾಗಕ್ಕೆ ಉಜ್ಜಿದ. ಕೆದರಿದ ಗೆರೆಯನ್ನು ಹಿಮ್ಮಡಿಯಿಂದ ಸರಿಮಾಡಿದ. ತಮ್ಮನ ಹೆಂಡತಿ ಆಕಾಶದಲ್ಲಿ ಏನೋ ಹುಡುಕುತ್ತಿದ್ದಳು. ಫೋನು ಮುಗಿಸಿ ಬಂದ ಯಜಮಾನಿ ಬಗ್ಗಿ ನೋಡಿದಳು. ಶೂ ಶುದ್ಧವಾಗಿತ್ತು.

"ಪಾಸು," ಎಂದಳು, ಅಷ್ಟೇನೂ ಸಂತೋಷವಿಲ್ಲದೆ. ಆಮೇಲೆ ಇಬ್ಬರಿಗೂ ಉಳಿದ ಪಾಠ ಹೇಳಿ, ಯಂತ್ರವನ್ನು ಗೂಡ್ಸ್ ಆಟೋಗೆ ಹತ್ತಿಸಿದಳು.

ಮನೆಯ ಹಿತ್ತಲಿಗೆ ಬಂದು ಡ್ರೈವರು ಎಲ್ಲವನ್ನೂ ಕ್ರಮವಾಗಿ ಮಾಡಿದ. ಕಲ್ಲು, ತಂತಿ, ಒಡೆದ ಬಕೆಟ್ಟಿನ ಹಿಡಿ ಎಲ್ಲ ಆರಿಸಿ ಎಸೆದ. ಆಯಿಲ್ ನೋಡಿದ. ಇಂಜಿನ್ ತಣ್ಣಗಿರುವಾಗಲೇ ಪೆಟ್ರೋಲ್ ತುಂಬಿಸಿದ. ಗೇರು ನ್ಯೂಟ್ರಲ್ಲಿಗೆ ತಂದು, ಸ್ವಿಚ್ ಹಾಕಿ, ಚೋಕ್ ಎಳೆದು, ಹಗ್ಗ ಜಗ್ಗಿದ. ಯಂತ್ರ ಒಂದು ಸಲ ಕೆಮ್ಮಿದ್ದೂ ಇಲ್ಲ. ಇನ್ನೊಮ್ಮೆ ಜಗ್ಗಿದ. ಚೋಕ್ ತಳ್ಳಿ ಜಗ್ಗಿದ, ಎಳೆದು ಜಗ್ಗಿದ, ಬಯ್ದು ಜಗ್ಗಿದ. ಇಂಜಿನ್ನಿಗೆ ಕೈ ಹಾಕಲಿಲ್ಲ. ಬಾನೆಟ್ಟಿನೊಳಗಿನದು ಮೆಕ್ಯಾನಿಕ್ಕಿನ ಇಲಾಖೆ, ಸೀಟಿನಿಂದ ಈಚೆಗಿನದು ಡ್ರೈವರಿನದು ಎಂಬ ನಿಯಮವನ್ನು ಅವನು ಸರ್ವಿಸಿನುದ್ದಕ್ಕೂ ಮುರಿದವನಲ್ಲ.

ಹನ್ನೊಂದನೇ ಸಲಕ್ಕೆ ತೋಳು ಸೋತು, ಅವನು ಹಿಡಿಕೆಗೆ ಆತು ನಿಂತ. ಬಗ್ಗಿದ ತಲೆಗೆ ಎದುರಾದದ್ದು ಬಲಗಾಲಿನ ಶೂ. ಅದರಿಂದ ಹಲ್ಲುಗಳಿಗೆ ಒಂದು ಹೆಜ್ಜೆ. ಒಂದು ಕಲ್ಲು ಸಿಕ್ಕಿ ಯಂತ್ರ ನೆಗೆದರೆ ಏನಾಗುತ್ತದೆಂದು ಅವನಿಗೆ ಅನುಮಾನವೇ ಇರಲಿಲ್ಲ. ಈ ಕಾಲನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಬ್ರೇಕ್ ಸರಿಯಿಲ್ಲದ ಬಸ್ಸನ್ನು ಡಿಪೋದಿಂದ ಹೊರಕ್ಕೆ ತೆಗೆಯೋದಿಲ್ಲ ಅಂತ ಅಧಿಕಾರಿಗಳ ಜೊತೆ ಅವನು ಎಷ್ಟು ಸಲ ಜಗಳವಾಡಿದ್ದ. ಇವತ್ತು ಬೆಳಿಗ್ಗೆ ಅಂಗಡಿಯಿಂದ ಅಂಥದ್ದೇ ಒಂದು ಕಾಲನ್ನು ಪಾಲಿಶ್ ಹಾಕಿ ಹೊರಗೆ ತಂದಿದ್ದ.

"ನೋಡಮ್ಮ," ಎಂದ ಪಕ್ಕದಲ್ಲಿದ್ದ ತಮ್ಮನ ಹೆಂಡತಿಗೆ, ಯಂತ್ರಕ್ಕೆ ಹೇಳುವವನಂತೆ. "ಮೂರನೇ ಸಲಾನೂ ಕಾಲು ಹೋಗಿತ್ತು. ನಾನು ಒರೆಸ್ಕೊಂಡೆ."

"ಗೊತ್ತು ಭಾವ. ಪ್ಯಾಂಟ್ ಹಿಂದೆ ಬೆಳ್ಳಗೆ ದೊಡ್ಡ ಮಚ್ಚೆ ಇದೆ. ನಾಲ್ಕು ಮಾರು ದೂರದಿಂದ ಬಟ್ಟೆಯ ಕಲೆ ಕಾಣದೇ ಇದ್ರೆ ನಾನೆಂಥಾ ಟೈಲರು?"

"ಮತ್ತೆ ಯಾಕೆ ಸುಮ್ನಿದ್ದೆ? ಕಾಲು ಹೋಗಿದ್ರೆ?"

"ಹೋಗೋದು ಹೇಗೆ? ನೀವು ಪೆಟ್ರೋಲ್ ಕ್ಯಾನ್ ತರೋಕೆ ಹೋದಾಗ ಇಂಜಿನ್ನಿಗೆ ಕಿಡಿ ಕೊಡೋ ಪ್ಲಗ್ಗಿನ ಕ್ಯಾಪ್ ಕಿತ್ತಿಟ್ಟೆ. ಹಲ್ಲಿಗೆ ಹುಲ್ಲು ಸುತ್ತಿಕೊಂಡ್ರೆ ಬಿಡಿಸೋ ಮುಂಚೆ ಅದನ್ನ ಕೀಳಬೇಕು ಅಂತ ಯಜಮಾನಿ ತೋರಿಸಿದ್ಲಲ್ಲ. ನೀವು ನಾಳೆವರೆಗೂ ಜಗ್ಗಿದ್ರೂ ಅದು ಶುರುವಾಗ್ತಿರಲಿಲ್ಲ."

"ಹನ್ನೊಂದು ಸಲ ಜಗ್ಗಿದೆನಲ್ಲೇ, ಹೇಳಬಾರದಾ?"

"ಏಳನೇದಕ್ಕೇ ಬಾಯಿ ಬಿಡ್ತೀರ ಅಂದ್ಕೊಂಡಿದ್ದೆ. ನಿಮ್ಮ ಮನೆತನದ್ದು ಮಾನ ಸ್ವಲ್ಪ ಗಟ್ಟಿ, ಸೊಂಟ ಮಾತ್ರ ಮೆದು."

ಒಳಗಿನ ಮಂಚದಿಂದ, "ಕೇಳಿಸ್ತು," ಎಂದ ತಮ್ಮ.

ಅವಳು ಸೆರಗು ಬಿಗಿಯಾಗಿ ಸಿಕ್ಕಿಸಿ, ಗಂಡನ ಬೂಟು ಹಾಕಿಕೊಂಡು, ಕ್ಯಾಪ್ ಒತ್ತಿ ಕೂರಿಸಿದಳು. ಒಂದೇ ಎಳೆತಕ್ಕೆ ಇಂಜಿನ್ ಹೊತ್ತಿಕೊಂಡಿತು. ಡ್ರೈವರು ದೂರ ಸರಿದು ಗೋಡೆಗೆ ಒರಗಿ ನಿಂತ. ಮೂರನೇ ಸಾಲಿನಲ್ಲಿ ಹೂತುಹೋದ ಮರದ ಬೇರು ಸಿಕ್ಕಿ ಯಂತ್ರ ಕುದುರೆಯಂತೆ ಮುಂದಕ್ಕೆ ಹಾರಿತು. ಅವಳು ಕೈ ಬಿಟ್ಟಳು. ಹಲ್ಲುಗಳು ನಿಂತವು. ಸ್ವಿಚ್ ಆರಿಸಿ, ಕ್ಯಾಪ್ ಕಿತ್ತು, ಬೇರು ಬಿಡಿಸಿ, ಮತ್ತೆ ಶುರು ಮಾಡಿದಳು. ಇಷ್ಟು ಒಳ್ಳೆಯ ಡ್ರೈವಿಂಗನ್ನು ಅವನು ಇತ್ತೀಚೆಗೆ ಕಂಡಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲು ಮಾತ್ರ ಎರಡು ದಿನ ಹಿಡಿಯಿತು.

ಮಣ್ಣೆಲ್ಲ ಹುಡಿಯಾದ ಮೇಲೆ ಅವಳು ಇಂಜಿನ್ ಆರಿಸಿ, ಪ್ಲಗ್ಗಿನ ಕ್ಯಾಪ್ ತೆಗೆದು, ನೀರು ಕುಡಿಯಲು ಒಳಗೆ ಹೋದಳು. ಡ್ರೈವರು ಬಂದು ಹಿಡಿಕೆ ಹಿಡಿದು ನಿಂತ. ತಾನೇ "ನಿಲ್ಲಿಸು" ಎಂದುಕೊಂಡ. ಕೈ ಬಿಟ್ಟಿತು, ಕಾಲು ತುಳಿಯಿತು. ಇನ್ನೊಮ್ಮೆ. ಮತ್ತೊಮ್ಮೆ. ಬೇಲಿಯಾಚೆಯಿಂದ ಪಕ್ಕದ ಮನೆಯ ಮೇಷ್ಟ್ರು ಬಹಳ ಹೊತ್ತು ನೋಡಿ, ತಡೆಯಲಾರದೆ ಕೇಳಿದರು:

"ಅಲ್ರೀ, ಮಷಿನ್ ಆಫ್ ಆಗಿ ಎಷ್ಟೋ ಹೊತ್ತಾಯ್ತಲ್ಲ?"

"ಮಷಿನ್ ಆಫ್ ಆಗಿದೆ ಮೇಷ್ಟ್ರೇ," ಎಂದ ಡ್ರೈವರು, ಬಲಗಾಲನ್ನು ಹಿಂದಕ್ಕೆಳೆದುಕೊಳ್ಳುತ್ತ. "ಇದಿನ್ನೂ ರಿಟೈರ್ ಆಗಿಲ್ಲ."